ಪಿಎಲ್‌ಸಿಯೂ ಪರದೆಯೂ ಮಾತು ಬಿಟ್ಟಾಗ: ಸೀರಿಯಲ್ ಸಂಪರ್ಕದ ದೋಷ ಹುಡುಕುವ ಸಮಗ್ರ ಮಾರ್ಗದರ್ಶಿ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ 61 ದಿನ ಮಲ್ಪೆಯಲ್ಲೂ ಮಂಗಳೂರಿನ ದಕ್ಕೆಯಲ್ಲೂ ಐಸ್ ಪ್ಲಾಂಟ್‌ಗಳಿಗೆ ಕೆಲಸ ಕಡಿಮೆ. ಮೈನ್ ಸ್ವಿಚ್ ಇಳಿಸಿ ಬೀಗ ಜಡಿದರೆ ಕೆಲವರು ಮತ್ತೆ ಬಾಗಿಲು ತೆಗೆಯುವುದು ತುಳುವರ ಆಟಿ ತಿಂಗಳ ನಡುವೆಯೇ. ಓಡುತ್ತಿದ್ದಾಗ ತನ್ನ ಬಿಸಿಯಿಂದಲೇ ಒಣಗಿರುತ್ತಿದ್ದ ಕಂಟ್ರೋಲ್ ಪ್ಯಾನೆಲ್ ಈ ಎರಡು ತಿಂಗಳು ತಣ್ಣಗೆ ಕುಳಿತು ತೇವ ಹೀರುತ್ತದೆ. ಯಂತ್ರವನ್ನು ಓಡಿಸುವ ಪುಟ್ಟ ಕಂಪ್ಯೂಟರ್ ಪಿಎಲ್‌ಸಿ, ಅದರ ಅಂಕಿಗಳನ್ನು ತೋರಿಸುವ ಪರದೆ, ಎರಡನ್ನೂ ಸೇರಿಸುವ ಸೀರಿಯಲ್ ಕೇಬಲ್ ಇರುವುದು ಇದರಲ್ಲೇ. ಆಗಸ್ಟ್ ಮೊದಲ ವಾರ ನನ್ನ ಫೋನಿಗೆ ಬಿಡುವಿಲ್ಲ. "ಕಂಪ್ರೆಸರ್ ಓಡುತ್ತಿದೆ, ಪರದೆಯಲ್ಲಿ ಮಾತ್ರ ಒಂದು ಅಂಕಿಯೂ ಕಾಣುವುದಿಲ್ಲ ಮಾರಾಯರೇ. ನಾವು ಏನನ್ನೂ ಮುಟ್ಟಿಲ್ಲ."

ಅವರು ಹೇಳುವುದು ನಿಜವೇ ಇರುತ್ತದೆ. ಮುಟ್ಟಿರುವುದು ಉಪ್ಪುಗಾಳಿ. ಐಸ್ ಪ್ಲಾಂಟ್ ಆದರೆ ಅದರ ಜೊತೆಗೆ ಅಮೋನಿಯ ಕೂಡ. ತೇವ ಸೇರಿದ ಅಮೋನಿಯ ತಾಮ್ರವನ್ನು ತಿನ್ನುತ್ತದೆ. ಆದ್ದರಿಂದ ಕರಾವಳಿಯಲ್ಲಿ ಈ ಕೆಲಸಕ್ಕೆ ನಾನು ಇಟ್ಟುಕೊಂಡಿರುವ ಕ್ರಮ ಇದು: ಮೊದಲು ವಯರ್, ಆಮೇಲೆ ವೋಲ್ಟೇಜ್, ಆಮೇಲೆ ಸೆಟ್ಟಿಂಗ್, ಆಮೇಲೆ ವಿಳಾಸ, ಎಲ್ಲಕ್ಕಿಂತ ಕೊನೆಗೆ ಪ್ರೋಗ್ರಾಂ. ಹೆಚ್ಚಿನವರು ಬಂದ ಕೂಡಲೇ ಲ್ಯಾಪ್‌ಟಾಪ್ ತೆರೆದು ಇದನ್ನು ತಿರುವುಮುರುವು ಮಾಡುತ್ತಾರೆ. ನಾನೂ ಹಾಗೆ ಮಾಡಿದವನೇ. ಬೈಕಂಪಾಡಿಯ ಒಂದು ಕಾರ್ಖಾನೆಯಲ್ಲಿ ರಾತ್ರಿ ಹತ್ತು ಗಂಟೆಗೆ ಕುಳಿತು ಬಾಡ್ ರೇಟ್ (ಸೆಕೆಂಡಿಗೆ ಎಷ್ಟು ಬಿಟ್ ಎಂಬ ವೇಗ), ಪ್ಯಾರಿಟಿ (ತಪ್ಪು ಹಿಡಿಯುವ ಹೆಚ್ಚುವರಿ ಬಿಟ್), ಸ್ಟೇಷನ್ ನಂಬರ್ (ಉಪಕರಣದ ವಿಳಾಸ), ಪೋರ್ಟ್ ಹೀಗೆ ನಾಲ್ಕನ್ನೂ ಒಂದರ ಹಿಂದೆ ಒಂದು ಬದಲಿಸಿದೆ. ಬೆಳಗಿನ ಜಾವ ಟರ್ಮಿನಲ್‌ನಲ್ಲಿ ಒಂದು ಸಡಿಲ ಸ್ಕ್ರೂ ಸಿಕ್ಕಿತು. ಅದನ್ನು ಬಿಗಿ ಮಾಡಿದರೂ ಪರದೆ ಬರಲಿಲ್ಲ, ಏಕೆಂದರೆ ಅಷ್ಟರಲ್ಲಿ ಸರಿಯಿದ್ದ ನಾಲ್ಕು ಸೆಟ್ಟಿಂಗ್‌ಗಳನ್ನು ನಾನೇ ಕೆಡಿಸಿದ್ದೆ, ಮೊದಲು ಏನಿತ್ತೆಂದು ಬರೆದಿಟ್ಟಿರಲಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ, ಬದಲಿಸುವ ಮುನ್ನ ಕಾಗದದ ಮೇಲೆ ಹಳೆಯ ಅಂಕಿ ಎಂಬ ನಿಯಮ ಅಂದು ಹುಟ್ಟಿತು.

ಕೈಹಾಕುವ ಮೊದಲು

ಪರದೆ ಸತ್ತರೂ ಪಿಎಲ್‌ಸಿ ಯಂತ್ರವನ್ನು ಓಡಿಸುತ್ತಲೇ ಇರಬಹುದು. ಆಪರೇಟರ್‌ಗೆ ಒತ್ತಡ, ಉಷ್ಣತೆ ಯಾವುದೂ ಕಾಣದೆ ಅಮೋನಿಯ ಕಂಪ್ರೆಸರ್ ಓಡುವುದು ಒಳ್ಳೆಯದಲ್ಲ. ಗೇಜ್ ನೋಡಲು ಒಬ್ಬರನ್ನು ನಿಲ್ಲಿಸಿ, ಇಲ್ಲವೇ ಆಪರೇಟರ್ ಕೈಯಿಂದಲೇ ಯಂತ್ರ ನಿಲ್ಲಿಸಿ. ಸಂವಹನ ವಯರ್‌ನಲ್ಲಿರುವುದು ಕೆಲವೇ ವೋಲ್ಟ್ ಆದರೂ ಅದೇ ಪೆಟ್ಟಿಗೆಯಲ್ಲಿ 415 ವೋಲ್ಟ್ ಇರುತ್ತದೆ ಎಂಬುದು ನೆನಪಿರಲಿ.

ಇನ್ನೊಂದು ಅಪಾಯ ಪದಗಳದ್ದು. ಪಿಎಲ್‌ಸಿ ಸಾಫ್ಟ್‌ವೇರ್‌ಗಳಲ್ಲಿ ಸಾಮಾನ್ಯವಾಗಿ ಅಪ್‌ಲೋಡ್ ಎಂದರೆ ಪಿಎಲ್‌ಸಿಯಿಂದ ಲ್ಯಾಪ್‌ಟಾಪಿಗೆ ತೆಗೆದುಕೊಳ್ಳುವುದು, ಡೌನ್‌ಲೋಡ್ ಎಂದರೆ ಪಿಎಲ್‌ಸಿಯೊಳಗೆ ತುಂಬುವುದು. ಮೊಬೈಲ್‌ನ ರೂಢಿಯಲ್ಲಿ ಡೌನ್‌ಲೋಡ್ ಒತ್ತಿದರೆ ಓಡುತ್ತಿದ್ದ ಪ್ರೋಗ್ರಾಂ ಮೇಲೆ ಖಾಲಿ ಫೈಲ್ ಕುಳಿತುಬಿಡುತ್ತದೆ.

ಕಣ್ಣಿನಿಂದ ಶುರು

ಪಿಎಲ್‌ಸಿಯ ದೀಪಗಳನ್ನು ನೋಡಿ. ರನ್ ದೀಪ ಉರಿಯುತ್ತಿದೆಯೇ? ಕೆಲವು ಪಿಎಲ್‌ಸಿಗಳಲ್ಲಿ ಪೋರ್ಟ್‌ನ ಸೆಟ್ಟಿಂಗ್‌ಗಳನ್ನು ಪ್ರೋಗ್ರಾಂ ತಾನೇ ಮೊದಲ ಸ್ಕ್ಯಾನ್‌ನಲ್ಲಿ, ಅಂದರೆ ತನ್ನ ಮೊದಲ ಸುತ್ತಿನಲ್ಲಿ, ಬರೆಯುತ್ತದೆ. ಸ್ವಿಚ್ ಸ್ಟಾಪ್‌ನಲ್ಲಿದ್ದರೆ ಆ ಸಾಲು ಓಡುವುದೇ ಇಲ್ಲ. ಬ್ಯಾಟರಿಯನ್ನು ನಂಬಿಕೊಂಡ ಹಳೆಯ ಪಿಎಲ್‌ಸಿ ಎರಡು ತಿಂಗಳು ಕರೆಂಟ್ ಇಲ್ಲದೆ ಕುಳಿತಾಗ, ದಣಿದ ಬ್ಯಾಟರಿ ಕೈಕೊಟ್ಟು ಪ್ರೋಗ್ರಾಮೇ ಅಳಿಸಿಹೋಗಿರುವುದೂ ಉಂಟು. ಆಗ ಪರದೆಯನ್ನು ಬೈದು ಪ್ರಯೋಜನವಿಲ್ಲ.

ಪೋರ್ಟ್‌ಗೆ ಕಳುಹಿಸುವ ಮತ್ತು ಪಡೆಯುವ ದೀಪಗಳು ಬೇರೆ ಬೇರೆ ಇದ್ದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಪಡೆಯುವ ದೀಪ ಮಿಣುಕುತ್ತಿದೆ, ಕಳುಹಿಸುವ ದೀಪ ಸುಮ್ಮನಿದೆ ಎಂದರೆ ಪ್ರಶ್ನೆ ಬಂದು ತಲುಪಿದೆ, ಪಿಎಲ್‌ಸಿಗೆ ಅದು ಅರ್ಥವಾಗಿಲ್ಲ, ಅಥವಾ ತನ್ನದಲ್ಲವೆಂದು ಬಿಟ್ಟಿದೆ. ಎರಡೂ ಸುಮ್ಮನಿದ್ದರೆ ಪ್ರಶ್ನೆಯೇ ಬಂದಿಲ್ಲ.

ಈಗ ಕರೆಂಟ್ ತೆಗೆದು ಟರ್ಮಿನಲ್‌ಗಳನ್ನು ನೋಡಿ. ಪ್ರತಿಯೊಂದು ವಯರ್ ಹಿಡಿದು ಮೆಲ್ಲನೆ ಎಳೆಯಿರಿ. ಹಸಿರು ಕಿಲುಬು ಕಂಡರೆ ಸುಲಭ. ಕಾಣದಿರುವುದೇ ಕಷ್ಟ, ಏಕೆಂದರೆ ವಯರ್ ತುದಿಗೆ ಒತ್ತಿದ ಲೋಹದ ಲಗ್ ಹೊರಗಿನಿಂದ ಬೆಳ್ಳಗೆ ಹೊಳೆಯುತ್ತಿದ್ದು ಒಳಗಿನ ಎಳೆಗಳು ಕಪ್ಪಾಗಿರುತ್ತವೆ. ಮಲ್ಟಿಮೀಟರ್‌ನ ಬೀಪ್ ಇದನ್ನು ಹಿಡಿಯುವುದಿಲ್ಲ. ಹತ್ತಿಪ್ಪತ್ತು ಓಮ್ ಇದ್ದರೂ ಬೀಪ್ ಹೊಡೆಯುವ ಮೀಟರ್‌ಗಳೇ ಹೆಚ್ಚು, ಜೊತೆಗೆ ಕಂಪ್ರೆಸರ್ ನಡುಗಿಸಿದಾಗ ಮಾತ್ರ ಬಿಡುವ ಸಂಪರ್ಕ ಯಂತ್ರ ನಿಂತಾಗ ಸರಿಯಾಗಿಯೇ ಇರುತ್ತದೆ. ಬೀಪ್ ಬಿಟ್ಟು ಓಮ್‌ನಲ್ಲಿ ಅಳೆಯಿರಿ, ಅಳೆಯುತ್ತಲೇ ವಯರ್ ಅಲ್ಲಾಡಿಸಿ. ಅಂಕಿ ಕುಣಿದರೆ ಲಗ್ ಕತ್ತರಿಸಿ, ಹೊಳೆಯುವ ತಾಮ್ರ ಸಿಗುವವರೆಗೆ ವಯರ್ ಹಿಂದೆ ಸುಲಿದು, ಹೊಸ ಲಗ್ ಒತ್ತಿ. ಹೊಸ ಕೇಬಲ್ ತರಿಸುವುದಾದರೆ ತವರ ಲೇಪಿಸಿದ ತಾಮ್ರದ್ದನ್ನೇ ಕೇಳಿ. ನಾಲ್ಕು ಕಾಸು ಹೆಚ್ಚಾದರೂ ಕಡಲ ಬದಿಯಲ್ಲಿ ಅದು ಬಾಳುತ್ತದೆ.

9 ಪಿನ್ ಕನೆಕ್ಟರ್‌ನ ಎರಡೂ ಬದಿಯ ಸ್ಕ್ರೂಗಳು ಬಿಗಿಯಾಗಿರಬೇಕು. ಪ್ಯಾನೆಲ್ ಬಾಗಿಲಿಗೆ ಕೂರಿಸಿದ ಪರದೆಯ ಕೇಬಲ್ ಬಾಗಿಲು ತೆರೆದು ಮುಚ್ಚಿದಂತೆಲ್ಲ ಮಡಚಿಕೊಳ್ಳುತ್ತದೆ, ಬಾಗಿಲ ಸಂಧಿಯ ಬಳಿ ಎಳೆ ತುಂಡಾಗುವುದು ಹೆಚ್ಚು. ಕೇಬಲ್ ಒಳಬರುವ ಕೆಳಗಿನ ಗ್ಲ್ಯಾಂಡ್ ತೆರೆದಿದ್ದರೆ ಇರುವೆ, ಹಲ್ಲಿಗಳ ಸಂಸಾರವೂ ಒಳಗಿರುತ್ತದೆ. ಎಲ್ಲವನ್ನೂ ಒರೆಸಿ, ಒಣಗಿಸಿ, ಗ್ಲ್ಯಾಂಡ್ ಮುಚ್ಚಿ. ನಾನು ನೋಡಿದ ಆಗಸ್ಟ್ ಕರೆಗಳಲ್ಲಿ ಹಲವು ಈ ಹಂತದಲ್ಲೇ ಮುಗಿದಿವೆ.

ಎರಡೂ ಕಡೆ ಒಂದೇ ಭಾಷೆಯ ವಯರ್ ಇದೆಯೇ?

ಆರ್‌ಎಸ್-232, ಆರ್‌ಎಸ್-422, ಆರ್‌ಎಸ್-485 ಎಂಬ ಸೀರಿಯಲ್ ಸಂಪರ್ಕದ ಈ ಮೂರು ಬಗೆಗಳೂ ಒಂದೇ ಆಕಾರದ 9 ಪಿನ್ ಕನೆಕ್ಟರ್‌ನಲ್ಲಿ ಬರಬಲ್ಲವು, ಅಪಾಯ ಇಲ್ಲೇ ಇದೆ. ಕೆಲವು ಪರದೆಗಳಲ್ಲಿ ಒಂದೇ ಕನೆಕ್ಟರ್‌ನ ಬೇರೆ ಬೇರೆ ಪಿನ್‌ಗಳಲ್ಲಿ ಎರಡು ಮೂರು ಪೋರ್ಟ್‌ಗಳೂ ಇರುತ್ತವೆ. ಆಕಾರ ನೋಡಿ ನಂಬಬೇಡಿ, ಪಿನ್ ಪಟ್ಟಿ ನೋಡಿ. ಮಿತ್ಸುಬಿಷಿ ಎಫ್‌ಎಕ್ಸ್ ಸಾಲಿನ ದುಂಡನೆಯ 8 ಪಿನ್ ಪೋರ್ಟ್ ಆರ್‌ಎಸ್-422. ಡೆಲ್ಟಾ ಡಿವಿಪಿಯಲ್ಲಿ ಅದೇ ಆಕಾರದ ದುಂಡನೆಯ ಪೋರ್ಟ್ ಆರ್‌ಎಸ್-232. ಒಂದರ ಕೇಬಲ್ ಇನ್ನೊಂದಕ್ಕೆ ಸಲೀಸಾಗಿ ಕೂರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ.

ಆರ್‌ಎಸ್-232 ಆದರೆ ಪರೀಕ್ಷೆ ಸುಲಭ. ಕಂಪ್ಯೂಟರ್ ಬದಿಯ ರೂಢಿಯ 9 ಪಿನ್‌ನಲ್ಲಿ 2 ಪಡೆಯುವುದು, 3 ಕಳುಹಿಸುವುದು, 5 ಗ್ರೌಂಡ್. ಮೌನವಾಗಿರುವಾಗ ಕಳುಹಿಸುವ ಪಿನ್‌ನಲ್ಲಿ ಗ್ರೌಂಡ್‌ಗೆ ಹೋಲಿಸಿದರೆ ಋಣ ವೋಲ್ಟೇಜ್ ಇರಬೇಕು, ಸಾಮಾನ್ಯವಾಗಿ 5ರಿಂದ 12 ವೋಲ್ಟ್. ಕೇಬಲನ್ನು ಪಿಎಲ್‌ಸಿಯಲ್ಲಿ ಸಿಕ್ಕಿಸಿ ಇನ್ನೊಂದು ತುದಿಯನ್ನು ಬಿಡಿಸಿ ಅಳೆಯಿರಿ: ಋಣ ವೋಲ್ಟೇಜ್ ಯಾವ ಪಿನ್‌ನಲ್ಲಿ ಬರುತ್ತದೆ? ಪರದೆಯ ಪೋರ್ಟ್‌ನಲ್ಲೂ ಅಳೆಯಿರಿ. ಎರಡೂ ಒಂದೇ ಸಂಖ್ಯೆಯ ಪಿನ್‌ನಲ್ಲಿ ಬಂದರೆ ಇಬ್ಬರೂ ಒಂದೇ ವಯರ್‌ನಲ್ಲಿ ಮಾತನಾಡುತ್ತಿದ್ದಾರೆ, ಕೇಳುವವರು ಯಾರೂ ಇಲ್ಲ. ಅಡ್ಡ ಜೋಡಣೆಯ ಕೇಬಲ್ ಬೇಕು. ಎಲ್ಲೂ ವೋಲ್ಟೇಜ್ ಇಲ್ಲದಿದ್ದರೆ ಪೋರ್ಟ್ ಸತ್ತಿದೆ ಅಥವಾ ಅದು ಆರ್‌ಎಸ್-232 ಅಲ್ಲವೇ ಅಲ್ಲ. ಈ ಕೇಬಲ್‌ಗೆ 15 ಮೀಟರ್ ಎಂಬುದು ಹಳೆಯ ಲೆಕ್ಕ. ಕಾರ್ಖಾನೆಯ ವಿದ್ಯುತ್ ಗದ್ದಲದಲ್ಲಿ ನಾನು 5 ಮೀಟರ್ ದಾಟಿಸುವುದಿಲ್ಲ.

ಆರ್‌ಎಸ್-485ರಲ್ಲಿ ಸಂಕೇತ ಇರುವುದು ಎರಡು ವಯರ್‌ಗಳ ನಡುವಿನ ವ್ಯತ್ಯಾಸದಲ್ಲಿ. 200 ಮಿಲಿವೋಲ್ಟ್ ವ್ಯತ್ಯಾಸವಿದ್ದರೂ ಪಡೆಯುವವನಿಗೆ ಸಾಕು, ಆದ್ದರಿಂದಲೇ ಅದು ಕಡಿಮೆ ವೇಗದಲ್ಲಿ 1200 ಮೀಟರ್‌ವರೆಗೆ ಹೋಗುತ್ತದೆ. ಅದರ ತಲೆನೋವು ಹೆಸರಿನದ್ದು. ಮೌನದಲ್ಲಿ ಹೆಚ್ಚಿನ ವೋಲ್ಟೇಜ್ ಇರುವ ವಯರನ್ನು ಮಾನದಂಡ ಬಿ ಎಂದು ಕರೆಯುತ್ತದೆ, ಸೀಮೆನ್ಸ್‌ನವರೂ ಹಾಗೆಯೇ. ಇನ್ನು ಕೆಲವು ತಯಾರಕರು ಅದೇ ವಯರನ್ನು ಎ ಎನ್ನುತ್ತಾರೆ. ಹೆಸರನ್ನು ಬಿಟ್ಟು ಮೀಟರನ್ನು ಕೇಳಿ: ಕೇಬಲ್ ಬಿಡಿಸಿ ಪ್ರತಿ ಉಪಕರಣದ ಎರಡು ಟರ್ಮಿನಲ್‌ಗಳ ನಡುವೆ ಡಿಸಿ ವೋಲ್ಟೇಜ್ ನೋಡಿ. ಒಳಗೆ ಮೌನದಲ್ಲೂ ವೋಲ್ಟೇಜ್ ಹಿಡಿದಿಡುವ ಬಯಾಸ್ ರೆಸಿಸ್ಟರ್ ಇರುವ ಉಪಕರಣವಾದರೆ ಧನ ಬದಿ ಯಾವುದೆಂದು ಮೀಟರ್ ಹೇಳಿಬಿಡುತ್ತದೆ. ಇಲ್ಲದಿದ್ದರೆ ಎರಡು ವಯರ್ ಅದಲು ಬದಲು ಮಾಡಿ ನೋಡಿ. ಅದರಿಂದ ಏನೂ ಸುಡುವುದಿಲ್ಲ.

ಕರೆಂಟ್ ತೆಗೆದು, ಕೇಬಲ್ ಮತ್ತೆ ಸೇರಿಸಿ, ಅದೇ ಎರಡು ವಯರ್‌ಗಳ ನಡುವಿನ ಓಮ್ ಅಳೆಯಿರಿ. ಎರಡೂ ತುದಿಗಳಲ್ಲಿ ಸಂಕೇತ ತುದಿಯಿಂದ ಮರಳಿ ಚಿಮ್ಮದಂತೆ ತಡೆಯುವ 120 ಓಮ್‌ನ ಟರ್ಮಿನೇಷನ್ ರೆಸಿಸ್ಟರ್ ಇದ್ದರೆ ಹೆಚ್ಚುಕಡಿಮೆ 60 ಕಾಣಬೇಕು. 120 ಕಂಡರೆ ಒಂದೇ ಇದೆ. 40 ಕಂಡರೆ ಯಾರೋ ನಡುವೆ ಮೂರನೆಯದನ್ನು ಹಾಕಿದ್ದಾರೆ. ಸೊನ್ನೆಯ ಹತ್ತಿರವಾದರೆ ಶಾರ್ಟ್. ಒಂದೇ ಪೆಟ್ಟಿಗೆಯೊಳಗಿನ ಎರಡು ಮೀಟರ್ ಕೇಬಲ್‌ಗೆ 9600 ವೇಗದಲ್ಲಿ ಟರ್ಮಿನೇಷನ್ ಇಲ್ಲದಿದ್ದರೂ ನಡೆಯುತ್ತದೆ, ಆ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಸೀಮೆನ್ಸ್‌ನ ನೇರಳೆ ಕೇಬಲ್‌ನ ಕನೆಕ್ಟರ್ ಬಳಸಿದ್ದರೆ ಒಂದು ಬಲೆ ಇದೆ: ಅದರ ಸ್ವಿಚ್ ಆನ್ ಮಾಡಿದರೆ ಟರ್ಮಿನೇಷನ್ ಸೇರಿಕೊಳ್ಳುವುದಷ್ಟೇ ಅಲ್ಲ, ಮುಂದಕ್ಕೆ ಹೋಗುವ ಕೇಬಲ್ ಕಡಿದುಹೋಗುತ್ತದೆ. ನಡುವಿನ ಕನೆಕ್ಟರ್‌ನಲ್ಲಿ ಸ್ವಿಚ್ ಆನ್ ಇದ್ದರೆ ಅದರಾಚೆಗಿನವರೆಲ್ಲ ಮಾಯ.

ಲ್ಯಾಪ್‌ಟಾಪ್ ಹೊರಗೆ ತೆಗೆಯುವ ಹೊತ್ತು

ಮೊದಲು ನಿಮ್ಮ ಯುಎಸ್‌ಬಿ ಕನ್ವರ್ಟರನ್ನೇ ಪರೀಕ್ಷಿಸಿ. ಆರ್‌ಎಸ್-232 ಕನ್ವರ್ಟರ್‌ನ 2 ಮತ್ತು 3ನೇ ಪಿನ್‌ಗಳನ್ನು ಒಂದು ತುಂಡು ವಯರ್‌ನಿಂದ ಸೇರಿಸಿ ಟರ್ಮಿನಲ್ ಸಾಫ್ಟ್‌ವೇರ್‌ನಲ್ಲಿ ಅಕ್ಷರ ಒತ್ತಿ. ಒತ್ತಿದ್ದು ಮರಳಿ ಬಂದರೆ ಲ್ಯಾಪ್‌ಟಾಪ್, ಡ್ರೈವರ್, ಕನ್ವರ್ಟರ್ ಮೂರೂ ಸರಿ. ನಕಲಿ ಚಿಪ್‌ನ ಕನ್ವರ್ಟರ್‌ನಿಂದ ದಿನಗಟ್ಟಲೆ ಹಾಳಾದವರಿದ್ದಾರೆ, ಈ ಎರಡು ನಿಮಿಷಕ್ಕೆ ಜಿಪುಣತನ ಬೇಡ. ಪಿಎಲ್‌ಸಿಗೆ ಸಿಕ್ಕಿಸುವಾಗ ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ. ಸೀಮೆನ್ಸ್ ಎಸ್7-200ರಂತಹವುಗಳ ಪೋರ್ಟ್‌ಗೆ ವಿದ್ಯುತ್ ಪ್ರತ್ಯೇಕತೆ ಇಲ್ಲ. ಚಾರ್ಜರ್‌ನ ಅರ್ಥ್ ಮೂಲಕ ಸುತ್ತಿ ಬಂದ ವೋಲ್ಟೇಜ್ ಪೋರ್ಟನ್ನೇ ಕೊಲ್ಲಬಹುದು.

ಈಗ ಪರದೆಯ ಕೇಬಲ್ ಬಿಡಿಸಿ ಅದರ ಜಾಗದಲ್ಲಿ ಲ್ಯಾಪ್‌ಟಾಪ್ ಸೇರಿಸಿ. ಬಿಡಿಸುವುದು ಕಡ್ಡಾಯ, ಏಕೆಂದರೆ ಇಂತಹ ಉಪಕರಣಗಳು ಆಡುವ ಭಾಷೆಯಾದ ಮಾಡ್‌ಬಸ್ ಸೀರಿಯಲ್‌ನಲ್ಲಿ ಪ್ರಶ್ನೆ ಕೇಳುವವನು ಒಬ್ಬನೇ ಇರಬೇಕು. ಮಾಡ್‌ಬಸ್ ಪೋಲ್ ಅಥವಾ ಕ್ಯೂಮಾಡ್‌ಮಾಸ್ಟರ್‌ನಂತಹ ಸಾಫ್ಟ್‌ವೇರ್‌ನಿಂದ ಒಂದೇ ಒಂದು ರಿಜಿಸ್ಟರ್ (ಪಿಎಲ್‌ಸಿ ಅಂಕಿ ಇಡುವ ಮನೆ) ಓದಲು ಕೇಳಿ. ಲ್ಯಾಪ್‌ಟಾಪ್‌ಗೆ ಉತ್ತರ ಬಂದರೆ ಪಿಎಲ್‌ಸಿಯೂ ಅದರ ಪೋರ್ಟೂ ನಿರಪರಾಧಿ. ದೋಷ ಪರದೆಯಲ್ಲಿ, ಅದರ ಪ್ರಾಜೆಕ್ಟ್‌ನಲ್ಲಿ ಅಥವಾ ಬಿಡಿಸಿದ ಆ ಕೇಬಲ್‌ನಲ್ಲಿ.

1979ರಲ್ಲಿ ಮೋಡಿಕಾನ್ ಕಂಪನಿ ರೂಪಿಸಿದ ಈ ಮಾಡ್‌ಬಸ್ ಭಾಷೆ ಎಷ್ಟು ಸರಳವೆಂದರೆ ಕಣ್ಣಿನಿಂದಲೇ ಓದಬಹುದು. 01 03 00 00 00 01 84 0ಎ ಎಂಬ ಎಂಟು ಬೈಟ್‌ಗಳ ಅರ್ಥ: ಒಂದನೇ ಸ್ಟೇಷನ್, ಮೂರನೇ ಕೆಲಸ ಅಂದರೆ ರಿಜಿಸ್ಟರ್ ಓದು, ಸೊನ್ನೆಯ ವಿಳಾಸದಿಂದ, ಒಂದು ರಿಜಿಸ್ಟರ್. ಕೊನೆಯ ಎರಡು ಬೈಟ್ ತಪ್ಪು ಹಿಡಿಯುವ ಸಿಆರ್‌ಸಿ. ಇದಕ್ಕೆ ಬರುವ ಉತ್ತರ, ಅಥವಾ ಬಾರದಿರುವುದು, ರೋಗವನ್ನು ಹೇಳುತ್ತದೆ.

ಏನೂ ಬರದಿದ್ದರೆ ಸ್ಟೇಷನ್ ನಂಬರ್, ವೇಗ, ಪ್ಯಾರಿಟಿ, ಪ್ರೋಟೋಕಾಲ್ ಇವುಗಳಲ್ಲೊಂದು ತಪ್ಪು, ಅಥವಾ ವಯರ್ ಹಂತದಲ್ಲಿ ಏನೋ ಬಿಟ್ಟುಹೋಗಿದೆ. ಕಸದಂತಹ ಬೈಟ್‌ಗಳು ಬಂದರೆ ವೇಗವೋ ಪ್ಯಾರಿಟಿಯೋ ಹೊಂದಿಲ್ಲ, ಇಲ್ಲವೇ ಗದ್ದಲ. 01 83 02 ಎಂದು ಶುರುವಾಗುವ ಉತ್ತರ ಬಂದರೆ ಸಂತೋಷಪಡಿ: ಪಿಎಲ್‌ಸಿ ಕೇಳಿಸಿಕೊಂಡು, "ಈ ವಿಳಾಸ ನನ್ನಲ್ಲಿಲ್ಲ" ಎಂದು ಸ್ಪಷ್ಟವಾಗಿ ಹೇಳುತ್ತಿದೆ. ಅಲ್ಲಿಗೆ ವಯರ್, ವೇಗ, ಪ್ಯಾರಿಟಿ ಎಲ್ಲವೂ ಸರಿ, ಇನ್ನು ಸ್ಕ್ರೂಡ್ರೈವರ್ ಮುಟ್ಟಬೇಕಾಗಿಲ್ಲ.

ಸೆಟ್ಟಿಂಗ್‌ಗಳು ಹೊಂದಿವೆಯೇ?

ವೇಗ, ಡೇಟಾ ಬಿಟ್, ಪ್ಯಾರಿಟಿ, ಸ್ಟಾಪ್ ಬಿಟ್, ಸ್ಟೇಷನ್ ನಂಬರ್, ಪ್ರೋಟೋಕಾಲ್ ಈ ಆರೂ ಎರಡೂ ಕಡೆ ಅಕ್ಷರಶಃ ಒಂದೇ ಆಗಿರಬೇಕು. ಇಲ್ಲಿ ಜನ ಎಡವುವ ಜಾಗ ಡೀಫಾಲ್ಟ್‌ಗಳು. ಡೆಲ್ಟಾ ಡಿವಿಪಿ ಹೊಸದಾಗಿ ಬಂದಾಗ 9600, 7 ಬಿಟ್, ಈವನ್, 1 ಸ್ಟಾಪ್, ಅಂದರೆ ಮಾಡ್‌ಬಸ್‌ನ ಅಕ್ಷರ ರೂಪವಾದ ಆಸ್ಕಿ. ಬೈಟ್‌ಗಳನ್ನೇ ನೇರ ಕಳುಹಿಸುವ ರೂಪವಾದ ಮಾಡ್‌ಬಸ್ ಆರ್‌ಟಿಯುಗೆ 8 ಬಿಟ್ ಬೇಕೇ ಬೇಕು. ಪರದೆಯಲ್ಲಿ ಆರ್‌ಟಿಯು ಆರಿಸಿ ಪಿಎಲ್‌ಸಿಯನ್ನು 7 ಬಿಟ್‌ನಲ್ಲೇ ಬಿಟ್ಟರೆ ಎಷ್ಟು ಕೇಬಲ್ ಬದಲಿಸಿದರೂ ಫಲವಿಲ್ಲ. ಡಿವಿಪಿಯ ಆರ್‌ಎಸ್-485 ಪೋರ್ಟ್‌ಗೆ ಡಿ1120 ಎಂಬ ರಿಜಿಸ್ಟರ್‌ನಲ್ಲಿ ಹೆಕ್ಸ್ (ಹದಿನಾರರ ಲೆಕ್ಕದ) 87 ಬರೆದರೆ 9600, 8, ಈವನ್, 1. ಜೊತೆಗೆ ಎಂ1120 ಎಂಬ ಬಿಟ್ ಆನ್ ಆದರೆ ಆ ಸೆಟ್ಟಿಂಗ್ ನಿಲ್ಲುತ್ತದೆ, ಎಂ1143 ಆನ್ ಆದರೆ ಆರ್‌ಟಿಯು. ಹೆಕ್ಸ್ 81 ಬರೆದರೆ ಪ್ಯಾರಿಟಿ ಇಲ್ಲದ 8 ಬಿಟ್.

ಪ್ಯಾರಿಟಿ ಇಲ್ಲದಿದ್ದರೆ 2 ಸ್ಟಾಪ್ ಬಿಟ್ ಇರಬೇಕೆಂದು ಮಾಡ್‌ಬಸ್ ನಿಯಮ ಹೇಳುತ್ತದೆ. ಬಳಕೆಯಲ್ಲಿ ಹೆಚ್ಚಿನ ಉಪಕರಣಗಳು 1ಕ್ಕೇ ಒಗ್ಗಿಹೋಗಿವೆ. ನಿಯಮ ಯಾವುದೇ ಇರಲಿ, ಎರಡೂ ಕಡೆ ಒಂದೇ ಇರಲಿ.

ಪರದೆಯ ಪ್ರಾಜೆಕ್ಟ್‌ನಲ್ಲಿ ಇನ್ನೊಂದನ್ನು ನೋಡಿ: ಯಾವ ಕಾಮ್ ಪೋರ್ಟ್ ಆರಿಸಿದೆ, ಅದು ಆರ್‌ಎಸ್-232 ಎಂದೋ 485 ಎಂದೋ. ಪರದೆ ಬದಲಿಸಿದ ಮೇಲೆ ಬರುವ ದೂರುಗಳಲ್ಲಿ ನಾನು ಮೊದಲು ನೋಡುವುದು ಇದನ್ನೇ.

ಅಂಕಿ ಬಂತು, ಆದರೆ ತಪ್ಪು ಅಂಕಿ

ಸಂಪರ್ಕ ಬಂದ ಮೇಲೂ ಉಪ್ಪುನೀರಿನ (ಬ್ರೈನ್) ಟ್ಯಾಂಕಿನ ಉಷ್ಣತೆ ಇರಬೇಕಾದಲ್ಲಿ ಪಂಪಿನ ಗಂಟೆ ಲೆಕ್ಕ ಕಾಣಿಸಿದರೆ ವಿಳಾಸ ಒಂದು ಮನೆ ಆಚೀಚೆ ಆಗಿದೆ. ದಾಖಲೆಯಲ್ಲಿ 40001 ಎಂದು ಬರೆಯುವ ರಿಜಿಸ್ಟರ್ ವಯರ್ ಮೇಲೆ ಸೊನ್ನೆಯಾಗಿ ಹೋಗುತ್ತದೆ. ಕೆಲವು ಸಾಫ್ಟ್‌ವೇರ್ ಆ ಒಂದನ್ನು ತಾನೇ ಕಳೆಯುತ್ತದೆ, ಕೆಲವು ಕಳೆಯುವುದಿಲ್ಲ. ಡೆಲ್ಟಾದಲ್ಲಿ ಡಿ0 ಇರುವುದು ಹೆಕ್ಸ್ 1000ರಲ್ಲಿ, ಅಂದರೆ 4096. ಒಂದರಿಂದ ಎಣಿಸುವ ಸಾಫ್ಟ್‌ವೇರ್‌ಗೆ ಅದು 4097.

ಮೈನಸ್ 8 ಡಿಗ್ರಿ ಇರಬೇಕಾದಲ್ಲಿ 65,528 ಕಂಡರೆ ಚಿಹ್ನೆಯಿಲ್ಲದ ಸಂಖ್ಯೆ ಎಂದು ಆರಿಸಿದ್ದೀರಿ. ದಶಮಾಂಶ ಸಂಖ್ಯೆ ಅರ್ಥವಿಲ್ಲದಷ್ಟು ದೊಡ್ಡದೋ ಚಿಕ್ಕದೋ ಆಗಿ ಕಂಡರೆ ಎರಡು ರಿಜಿಸ್ಟರ್‌ಗಳ ಹಿಂದುಮುಂದು ತಿರುಗಿದೆ. ಎರಡೂ ಪರದೆಯ ಪ್ರಾಜೆಕ್ಟ್‌ನಲ್ಲಿ ಸರಿಯಾಗುವಂಥವು.

ಪರದೆ ನಿಧಾನವಾಗಿದ್ದರೆ ಕಾಗದದಲ್ಲಿ ಲೆಕ್ಕ ಹಾಕಿ. 9600 ವೇಗದಲ್ಲಿ ಪ್ಯಾರಿಟಿ ಸೇರಿ ಒಂದು ಬೈಟ್‌ಗೆ 11 ಬಿಟ್, ಸುಮಾರು 1.15 ಮಿಲಿಸೆಕೆಂಡ್. ಒಂದು ರಿಜಿಸ್ಟರ್ ಓದಲು ಪ್ರಶ್ನೆ 8 ಬೈಟ್, ಉತ್ತರ 7 ಬೈಟ್, ನಡುವಿನ ಮೌನ, ಪಿಎಲ್‌ಸಿಯ ಸ್ಕ್ಯಾನ್ ಎಲ್ಲ ಸೇರಿ 40 ಮಿಲಿಸೆಕೆಂಡ್ ಎಂದುಕೊಂಡರೆ, ಚದುರಿದ 200 ರಿಜಿಸ್ಟರ್‌ಗಳಿಗೆ 8 ಸೆಕೆಂಡ್. ಅವನ್ನೇ ಸಾಲಾಗಿ ಜೋಡಿಸಿದರೆ ಒಂದು ಪ್ರಶ್ನೆಗೆ 125ರವರೆಗೆ ಓದಬಹುದು, ಎರಡು ಪ್ರಶ್ನೆಯಲ್ಲಿ ಮುಗಿಯುತ್ತದೆ. ವೇಗ ಹೆಚ್ಚಿಸುವುದಕ್ಕಿಂತ ಇದು ಒಳ್ಳೆಯ ಮದ್ದು.

ಬಂದು ಹೋಗುವ ದೋಷ

ಎಲ್ಲಕ್ಕಿಂತ ಕಾಡುವುದು ಇದು. ಪರದೆ ಎರಡು ತಾಸು ಸರಿಯಿದ್ದು, ಹತ್ತು ಸೆಕೆಂಡ್ ಬಿಟ್ಟು, ಮತ್ತೆ ಬರುತ್ತದೆ. ಆಪರೇಟರ್ ಕೈಗೆ ಪೆನ್ನು ಕೊಡಿ: ಬಿಟ್ಟಾಗ ಗಂಟೆ ಎಷ್ಟು, ಆಗ ಯಾವ ಮೋಟಾರ್ ಶುರುವಾಯಿತು. ಒಂದು ದಿನದ ಆ ಟಿಪ್ಪಣಿ ನನ್ನ ಯಾವ ಉಪಕರಣಕ್ಕಿಂತಲೂ ಹೆಚ್ಚು ಹೇಳಿದೆ.

ಒಂದು ಪಂಪಿನ ಡ್ರೈವ್ (ಮೋಟಾರಿನ ವೇಗ ನಿಯಂತ್ರಿಸುವ ಉಪಕರಣ) ಓಡುವಾಗ ಮಾತ್ರ ಬಿಡುತ್ತಿದ್ದರೆ ಸಂವಹನ ಕೇಬಲ್ ಆ ಡ್ರೈವ್‌ನ ಮೋಟಾರ್ ಕೇಬಲ್ ಜೊತೆ ಒಂದೇ ಟ್ರೇಯಲ್ಲಿದೆಯೇ ನೋಡಿ. ಕನಿಷ್ಠ 20-30 ಸೆಂಟಿಮೀಟರ್ ದೂರ ಮಾಡಿ, ದಾಟಲೇಬೇಕಾದಲ್ಲಿ ನೇರ ಅಡ್ಡಲಾಗಿ ದಾಟಿಸಿ. ಹೆಣೆದ ಜೋಡಿಯ ಶೀಲ್ಡ್ ಕೇಬಲ್ ಬಳಸಿ. ಶೀಲ್ಡನ್ನು ನಾನು ಪಿಎಲ್‌ಸಿ ಬದಿಯ ಒಂದೇ ತುದಿಯಲ್ಲಿ ಅರ್ಥ್‌ಗೆ ಸೇರಿಸುತ್ತೇನೆ. ಎರಡೂ ತುದಿ ಎನ್ನುವವರೂ ಇದ್ದಾರೆ, ಎರಡು ಪ್ಯಾನೆಲ್‌ಗಳ ಅರ್ಥ್ ದಪ್ಪ ತಾಮ್ರದಿಂದ ಸೇರಿದ್ದರೆ ಅವರ ಮಾತೂ ಸರಿ. ಮೋಟಾರಿನ ದೊಡ್ಡ ಸ್ವಿಚ್ ಆದ ಕಾಂಟ್ಯಾಕ್ಟರ್ ಬಿಡುವಾಗ ತೊಂದರೆಯಾದರೆ, ಕಾಯಿಲ್‌ನಿಂದ ಚಿಮ್ಮುವ ವೋಲ್ಟೇಜ್ ತಗ್ಗಿಸಲು ಎಸಿ ಕಾಯಿಲ್‌ಗೆ ಆರ್‌ಸಿ ಸ್ನಬ್ಬರ್, ಡಿಸಿ ಕಾಯಿಲ್‌ಗೆ ಡಯೋಡ್ ಹಾಕಿ.

ಎರಡು ಕಟ್ಟಡಗಳ ನಡುವೆ ಕೇಬಲ್ ಹೋಗಿದ್ದರೆ ಎರಡು ವಯರ್ ಸಾಲದು, ಮೂರನೆಯದು ಸಿಗ್ನಲ್ ಗ್ರೌಂಡ್‌ಗೆ ಬೇಕು. ಅದಕ್ಕೆ ಶೀಲ್ಡನ್ನು ಬಳಸಬೇಡಿ. ಸೇರಿಸುವ ಮುನ್ನ ಎರಡೂ ಕಡೆಯ 0 ವೋಲ್ಟ್‌ಗಳ ನಡುವೆ ಎಸಿ ಮತ್ತು ಡಿಸಿ ಎರಡನ್ನೂ ಅಳೆಯಿರಿ. ಆರ್‌ಎಸ್-485 ಸಹಿಸುವುದು ಗ್ರೌಂಡ್‌ಗೆ ಹೋಲಿಸಿ ಮೈನಸ್ 7ರಿಂದ ಪ್ಲಸ್ 12 ವೋಲ್ಟ್‌ವರೆಗೆ. ಮೂರು ನಾಲ್ಕು ವೋಲ್ಟ್ ಕಂಡರೂ ಆಪ್ಟಿಕಲ್ ಪ್ರತ್ಯೇಕತೆಯ ಐಸೋಲೇಟರ್ ಹಾಕುವುದು ಮೇಲು.

ಏಪ್ರಿಲ್-ಮೇಯ ಗುಡುಗು ಮಳೆಯ ಮತ್ತು ಅಕ್ಟೋಬರ್ ಸಂಜೆಯ ಸಿಡಿಲಿನ ಮಾತೇ ಬೇರೆ. ಅದು ಪಿಎಲ್‌ಸಿಯನ್ನು ಉಳಿಸಿ ಪೋರ್ಟ್‌ನ 8 ಕಾಲಿನ ಚಿಪ್ ಒಂದನ್ನೇ ಕೊಲ್ಲಬಲ್ಲದು. ಕರೆಂಟ್ ತೆಗೆದು, ಕೇಬಲ್ ಬಿಡಿಸಿ, ಪೋರ್ಟ್‌ನ ಪ್ರತಿ ಸಿಗ್ನಲ್ ಟರ್ಮಿನಲ್‌ನಿಂದ ಗ್ರೌಂಡ್‌ಗೆ ಓಮ್ ಅಳೆಯಿರಿ. ಒಂದು ಬದಿ ಹತ್ತಾರು ಓಮ್‌ಗೆ ಇಳಿದು ಇನ್ನೊಂದು ಸಾವಿರಗಳಲ್ಲಿದ್ದರೆ ಚಿಪ್ ಹೋಗಿದೆ. ಬೆಸುಗೆಯ ಕೈ ಪಳಗಿದ್ದರೆ ಚಿಪ್ ಬದಲಿಸಬಹುದು, ಇಲ್ಲದಿದ್ದರೆ ಪಿಎಲ್‌ಸಿಯ ಇನ್ನೊಂದು ಪೋರ್ಟ್‌ಗೆ ಪರದೆಯನ್ನು ಸ್ಥಳಾಂತರಿಸಿ ಅಂದಿನ ಕೆಲಸ ನಡೆಸಬಹುದು. ಮುಂದಿನ ಸಲಕ್ಕೆ ಏಕಾಏಕಿ ಏರುವ ವೋಲ್ಟೇಜನ್ನು ತಡೆಯುವ ಎಸ್‌ಎಂ712 ಬಗೆಯ ಟಿವಿಎಸ್ ಡಯೋಡ್ ಇರುವ ಸರ್ಜ್ ರಕ್ಷಕ ಹಾಕಿಸಿ.

ಹೊರಡುವ ಮುನ್ನ

ಪ್ಯಾನೆಲ್ ಬಾಗಿಲಿನ ಒಳಬದಿಗೆ ಪ್ಲಾಸ್ಟಿಕ್ ಹೊದಿಸಿದ ಒಂದು ಕಾಗದ ಅಂಟಿಸಿ: ಪೋರ್ಟ್‌ನ ಹೆಸರು, ವೇಗ, ಬಿಟ್, ಪ್ಯಾರಿಟಿ, ಸ್ಟಾಪ್, ಸ್ಟೇಷನ್ ನಂಬರ್, ಪ್ರೋಟೋಕಾಲ್, ಕೇಬಲ್‌ನ ಯಾವ ಪಿನ್ ಎಲ್ಲಿಗೆ ಯಾವ ಬಣ್ಣದಲ್ಲಿ ಹೋಗಿದೆ, ಸರಿಯಿದ್ದಾಗ ಎರಡು ವಯರ್ ನಡುವೆ ಮೀಟರ್ ತೋರಿಸಿದ ಓಮ್ ಮತ್ತು ವೋಲ್ಟ್, ಇಂದಿನ ದಿನಾಂಕ. ಪಿಎಲ್‌ಸಿ ಮತ್ತು ಪರದೆ ಎರಡರ ಪ್ರೋಗ್ರಾಂನ ಒಂದೊಂದು ನಕಲು ಮಾಲೀಕರ ಬಳಿ ಪೆನ್ ಡ್ರೈವ್‌ನಲ್ಲಿರಲಿ. ಐಸ್ ಪ್ಲಾಂಟ್ ಆದರೆ ಮೇ ಕೊನೆಗೆ ಬೀಗ ಹಾಕುವಾಗ ಪ್ಯಾನೆಲ್ ಹೀಟರ್‌ಗೆ ಮಾತ್ರ ಬೇರೆ ಲೈನ್ ಉಳಿಸಲು ಹೇಳಿ. ಹೀಟರ್ ಇಲ್ಲದಿದ್ದರೆ ಸಿಲಿಕಾ ಜೆಲ್ ಚೀಲ ಇಟ್ಟು ಹದಿನೈದು ದಿನಕ್ಕೊಮ್ಮೆ ಬದಲಿಸಲಿ. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಮನೆಯಲ್ಲಿ ಪಾಲೆ ಕಷಾಯ ಕುಡಿದು ಬರುವ ಕಾವಲುಗಾರನಿಗೆ, ಅಂದೇ ಪ್ಯಾನೆಲ್‌ಗೂ ಒಂದು ಗಂಟೆ ಕರೆಂಟ್ ಕೊಟ್ಟು ಪರದೆಯಲ್ಲಿ ಅಂಕಿ ಬರುತ್ತದೆಯೇ ನೋಡಿ ಫೋನ್ ಮಾಡಲು ನಾನು ಹೇಳಿಟ್ಟಿದ್ದೇನೆ.